ನಕ್ಷತ್ರಗಳಿಲ್ಲದ ಸಾಮ್ರಾಜ್ಯ

ಜಕಲ್ಲಾ ಎಂಬ ರೇವಿಗೆ ಪುಟ್ಟ ದೋಣಿಯೊಂದು ಬಂದು ತಲುಪುತ್ತದೆ. ಅದರಲ್ಲಿ ನಾಲ್ಕೈದು ಮಂದಿ ಪರದೇಶಿಗಳು. ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಊರಿನ ಪದ್ಧತಿ ಗೊತ್ತಿಲ್ಲ. ಪರದೇಶಿಗಳಿಗೆಂದೇ ಮೀಸಲಾದ ಕೇರಿಯಲ್ಲಿ ಅವರು ಇರಬೇಕು. ಕೇರಿ ದಾಟಿ ಹೋಗಿ ಯಾವುದೋ ದೊಡ್ಡ ಕುಲದವನ ಎದುರು ತಪ್ಪು ಮಾತಾಡಿದರೆ ಅದು ಅಪಮಾನ. ಅಪಮಾನಕ್ಕೆ ದಂಡ ತೆರಬೇಕು. ದೊಡ್ಡ ತಪ್ಪಾದರೆ ಶೂಲವೇ ಗತಿ.

ಜಕಲ್ಲಾ ಯಾವ ಭೂಪಟದಲ್ಲೂ ಇಲ್ಲ. ಅದು 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಎಂಪೈರ್ ಆಫ್ ದಿ ಪೆಟಲ್ ಥ್ರೋನ್' ಎಂಬ ಆಟದ ಊರು. ಹೆಸರನ್ನು 'ದಳಸಿಂಹಾಸನದ ಸಾಮ್ರಾಜ್ಯ' ಎನ್ನಬಹುದು. ಆ ಪೆಟ್ಟಿಗೆಯೊಳಗೆ ಇದ್ದದ್ದು ನಿಯಮಗಳ ಪುಸ್ತಕ ಮತ್ತು ದೊಡ್ಡ ನಕ್ಷೆಗಳು. ಕಾಯಿ ನಡೆಸುವ ಹಲಗೆ ಇಲ್ಲ, ಗೆದ್ದವರು ಸೋತವರು ಎಂಬ ಲೆಕ್ಕವೂ ಇಲ್ಲ.

ಹಾಗಾದರೆ ಆಡುವುದು ಹೇಗೆ? ಕರಾವಳಿ, ಮಲೆನಾಡಿನಲ್ಲಿ ತಾಳಮದ್ದಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅಂಗಿ ಪಂಚೆಯಲ್ಲಿ ಕುಳಿತ ಅರ್ಥಧಾರಿ ಕುಳಿತಲ್ಲೇ ಕರ್ಣನಾಗುತ್ತಾನೆ, ಮಾತು ಆ ಕ್ಷಣಕ್ಕೆ ಹುಟ್ಟುತ್ತದೆ. ಪಾತ್ರ ವಹಿಸುವ ಈ ಆಟವೂ ಹಾಗೆಯೇ. ಮೇಜಿನ ಸುತ್ತ ಕುಳಿತ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಒಬ್ಬ ಮಾತ್ರ ಭಾಗವತನ ಸ್ಥಾನದಲ್ಲಿ ಕುಳಿತು ಪ್ರಸಂಗ ನಡೆಸುತ್ತಾನೆ: ಎದುರಿಗೆ ಏನು ಕಾಣುತ್ತದೆ, ಕಾವಲುಗಾರ ಏನೆಂದ, ಬಾಗಿಲು ತೆರೆಯಿತೋ ಇಲ್ಲವೋ. ಮೊದಲ ದಿನದ ಪ್ರಸಂಗ ಅಲ್ಲಿಗೇ ಮುಗಿಯದೆ ವಾರದಿಂದ ವಾರಕ್ಕೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಒಂದೇ ವ್ಯತ್ಯಾಸ. ತಾಳಮದ್ದಲೆಯ ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಅವನ ರಥದ ಚಕ್ರ ಕೊನೆಗೆ ಹೂಳಲೇಬೇಕು. ಇಲ್ಲಿ ಕೊನೆ ಏನೆಂದು ಭಾಗವತನಿಗೂ ಗೊತ್ತಿಲ್ಲ, ಅದನ್ನು ದಾಳ ಹೇಳಬೇಕು.

ದಾಳದ ವಿಷಯ ಬಂದಿತು. ಈ ಆಟದಲ್ಲಿ ಪಾತ್ರದ ಬಲ, ಬುದ್ಧಿ, ರೂಪಗಳನ್ನು ಒಂದರಿಂದ ನೂರರ ತನಕದ ಅಂಕಿಗಳಲ್ಲಿ ಅಳೆಯುತ್ತಾರೆ. ಮುಖಗಳೂ ಅಂಚುಗಳೂ ಮೂಲೆಗಳೂ ಎಲ್ಲ ಒಂದೇ ಸಮನಾಗಿರುವ ನಿಯಮಿತ ಘನಾಕೃತಿಗಳು ಐದೇ ಎಂದು ರೇಖಾಗಣಿತ ಓದುವವರಿಗೆ ಗೊತ್ತು: 4, 6, 8, 12 ಮತ್ತು 20 ಮುಖದವು. ಹತ್ತು ಮುಖದ್ದು ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಅಂದಿನ ಆಟಗಾರರು 20 ಮುಖದ ದಾಳದ ಮೇಲೆ ಸೊನ್ನೆಯಿಂದ ಒಂಬತ್ತರ ತನಕದ ಅಂಕಿಗಳನ್ನು ಎರಡೆರಡು ಸಲ ಬರೆದ ದಾಳ ಬಳಸುತ್ತಿದ್ದರು. ಎರಡು ಸಲ ಉರುಳಿಸಿದರೆ ಒಂದು ಹತ್ತರ ಸ್ಥಾನ, ಇನ್ನೊಂದು ಬಿಡಿ ಸ್ಥಾನ. ಸಂಭವನೀಯತೆಯ ಪಾಠ ಬೋರ್ಡಿನ ಮೇಲೆ ತಲೆಗೆ ಹತ್ತದ ಎಷ್ಟೋ ಹುಡುಗರಿಗೆ ಮೇಜಿನ ಮೇಲೆ ಹತ್ತಿದ್ದರೆ ಅಚ್ಚರಿಯಿಲ್ಲ.

ಮರೆತವರ ನಾಡು

ಜಕಲ್ಲಾ ಇರುವುದು ತ್ಸೋಲ್ಯಾನು ಎಂಬ ಸಾಮ್ರಾಜ್ಯದಲ್ಲಿ, ತ್ಸೋಲ್ಯಾನು ಇರುವುದು ಟೆಕುಮೆಲ್ ಎಂಬ ಗ್ರಹದಲ್ಲಿ. ಅದರ ಕಥೆ ಹೀಗಿದೆ. ಬಹು ದೂರದ ಭವಿಷ್ಯದಲ್ಲಿ ಮನುಷ್ಯರು ಬೇರೆ ಜೀವಿಗಳ ಜತೆಗೂಡಿ ಆ ಗ್ರಹಕ್ಕೆ ಹೋಗಿ ಅದರ ಗಾಳಿ, ನೀರುಗಳನ್ನು ತಮಗೆ ಬೇಕಾದಂತೆ ಬದಲಿಸಿಕೊಂಡರು. ಮೂಲನಿವಾಸಿಗಳನ್ನು ಸೋಲಿಸಿ ಮೂಲೆಗೆ ತಳ್ಳಿದರು. ಒಂದು ದಿನ ಆ ಗ್ರಹ ತನ್ನ ಸೂರ್ಯ, ಚಂದ್ರರ ಸಮೇತ ವಿಶ್ವದಿಂದ ಹರಿದು ಬೇರೊಂದು ಪುಟ್ಟ ಆಕಾಶಕ್ಕೆ ಬಿದ್ದುಹೋಯಿತು. ಅಂದಿನಿಂದ ರಾತ್ರಿಯಲ್ಲಿ ನಕ್ಷತ್ರಗಳಿಲ್ಲ. ಹಡಗುಗಳು ಬರಲಿಲ್ಲ. ಕೆಟ್ಟ ಯಂತ್ರಕ್ಕೆ ಬಿಡಿಭಾಗ ಸಿಗಲಿಲ್ಲ. ಗ್ರಹದಲ್ಲಿ ಲೋಹಗಳು ಅಪರೂಪ, ಕಬ್ಬಿಣಕ್ಕೆ ಚಿನ್ನದ ಬೆಲೆ. ಚ್ಲೆನ್ ಎಂಬ ದೈತ್ಯ ಪ್ರಾಣಿಯ ಚರ್ಮವನ್ನು ಹದಮಾಡಿ ಕತ್ತಿ, ಕವಚಗಳನ್ನು ಮಾಡುತ್ತಾರೆ.

ಸಾವಿರಾರು ವರ್ಷಗಳ ನಂತರ ಜನರಿಗೆ ಇದೊಂದೂ ನೆನಪಿಲ್ಲ. ಪೂರ್ವಿಕರ ಉಪಕರಣಗಳು ಅಲ್ಲಲ್ಲಿ ಸಿಗುತ್ತವೆ, ಅವನ್ನು 'ಕಣ್ಣುಗಳು' ಎನ್ನುತ್ತಾರೆ. ಹಿಡಿದು ಒತ್ತಿದರೆ ಒಂದು ಬೆಂಕಿ ಕಾರುತ್ತದೆ, ಇನ್ನೊಂದು ಗಾಯ ಮಾಯಿಸುತ್ತದೆ. ಹೇಗೆಂದು ಯಾರಿಗೂ ತಿಳಿಯದು, ಮಂತ್ರಶಕ್ತಿ ಎಂದು ನಂಬಿದ್ದಾರೆ. ಒಳಗಿನ ಶಕ್ತಿ ಇಷ್ಟೇ ಸಲ ಎಂದು ಮೊದಲೇ ನಿಗದಿಯಾಗಿದೆ, ತೀರಿದ ಮೇಲೆ ಅದು ಬರೀ ಗುಂಡುಕಲ್ಲು. ಸಾಮ್ರಾಜ್ಯದ ಅವನತಿ ಎಂದರೆ ಶತ್ರುಸೇನೆ, ಸುಡುವ ಕೋಟೆ ಎಂದೇ ಕಥೆಗಳಲ್ಲಿ ಓದುತ್ತೇವೆ. ಇಲ್ಲಿ ಅವನತಿ ಕಾಣುವುದು ಪ್ರತಿಸಲವೂ ಒಂದೊಂದು ಅಂಕಿ ಇಳಿಯುವ ಲೆಕ್ಕದಲ್ಲಿ, ದುರಸ್ತಿ ಮಾಡುವ ವಿದ್ಯೆ ಮರೆತುಹೋದದ್ದರಲ್ಲಿ. ಇದು ಈ ಆಟದ ಅತ್ಯುತ್ತಮ ಕಲ್ಪನೆ.

ಹೊರಗಿನಿಂದ ನೋಡಿದರೆ ಸಾಮ್ರಾಜ್ಯ ಗಟ್ಟಿಯಾಗಿಯೇ ಇದೆ. ಎರಡು ಸಾವಿರ ವರ್ಷಗಳಿಗೂ ಹಳೆಯದು. ಸಕ್ಬೆ ಎಂಬ ಎತ್ತರದ ಹೆದ್ದಾರಿಗಳು ಮೂರು ಅಂತಸ್ತಿನವು, ಯಾರು ಯಾವ ಅಂತಸ್ತಿನಲ್ಲಿ ನಡೆಯಬೇಕೆಂಬುದು ಅವರವರ ದರ್ಜೆಗೆ ಬಿಟ್ಟದ್ದು. ಐನೂರು ವರ್ಷಕ್ಕೊಮ್ಮೆ ನಗರವನ್ನು ವಿಧಿಪೂರ್ವಕವಾಗಿ ಮುಚ್ಚಿ ಅದರ ಮೇಲೆಯೇ ಹೊಸ ನಗರ ಕಟ್ಟುವ ಸಂಪ್ರದಾಯವಿದೆ. ಹೀಗೆ ಪ್ರತಿ ಊರಿನ ಕೆಳಗೂ ಹಳೆಯ ಊರುಗಳ ಪದರಗಳು. ಚಕ್ರವರ್ತಿ ಅವಂಥರ್ ಎಂಬ ದುರ್ಗದಿಂದ ಹೊರಗೆ ಬರುವಂತಿಲ್ಲ. ಅವನ ಸುತ್ತ ಇರುವ ಸೇವಕರು ಮೂಕರು. ಅವನು ತೀರಿಕೊಂಡರೆ ರಾಜಕುಮಾರ ರಾಜಕುಮಾರಿಯರ ನಡುವೆ ಸ್ಪರ್ಧೆ. ಗೆದ್ದವರಿಗೆ ಪಟ್ಟ, ಸೋತವರಿಗೆ ಸಾವು. ಅಣ್ಣತಮ್ಮಂದಿರ ಯುದ್ಧ ತಪ್ಪಿಸಲು ಮಾಡಿದ ಏರ್ಪಾಡು ಇದು. ಆದರೂ ಒಂದು ಕಾಲಕ್ಕೆ ಅದೂ ಮುರಿಯುತ್ತದೆ. ಹುಳುಗಳ ದೇವರನ್ನು ಪೂಜಿಸುವ ಧಿಚುನೆ ಎಂಬ ರಾಜಕುಮಾರ ಸಿಂಹಾಸನ ಕಬಳಿಸಿ ಒಳಯುದ್ಧ ಹತ್ತಿಕೊಳ್ಳುತ್ತದೆ.

ಇಂಥ ನಾಡಿನಲ್ಲಿ ಕತ್ತಿ ಹಿಡಿದು ಕಂಡವರ ಮೇಲೆ ಬೀಳುವ ಆಟಗಾರ ಎರಡು ದಿನ ಬಾಳುವುದಿಲ್ಲ. ಬಾಳುವವನು ಕೇಳುವವನು: ಇದು ಯಾರ ಕುಲ, ಆ ದೇವಾಲಯಕ್ಕೂ ಈ ದೇವಾಲಯಕ್ಕೂ ಯಾಕೆ ಹಗೆ, ಇವರಿಗೆ ಯಾವ ಮಾತು ಸಲ್ಲುತ್ತದೆ? ತ್ಸೋಲ್ಯಾನಿ ಭಾಷೆಯಲ್ಲಿ ಎದುರಿಗಿದ್ದವರನ್ನು ಕರೆಯಲು ಹತ್ತಾರು ಸರ್ವನಾಮಗಳಿವೆ. ಒಂದೇ ಒಂದು 'ಯು' ಇರುವ ಇಂಗ್ಲಿಷಿನವರಿಗೆ ಇದು ಕಷ್ಟ. ನೀನು, ನೀವು, ತಾವು ಎಂದು ಆಳು ನೋಡಿ ಮಾತಾಡುವ ಕನ್ನಡದ ಮಕ್ಕಳಿಗೆ ಅಷ್ಟು ಕಷ್ಟವಾಗಲಾರದು.

ಭಾಷೆಗಳ ಮೇಷ್ಟ್ರು

ಇಷ್ಟನ್ನೆಲ್ಲ ಕಟ್ಟಿದವರು ಎಂ. ಎ. ಆರ್. ಬಾರ್ಕರ್. 1929ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹುಟ್ಟಿದಾಗ ಅವರ ಹೆಸರು ಫಿಲಿಪ್. ಬಾಲ್ಯದಿಂದಲೇ ಟೆಕುಮೆಲ್ ಅವರ ತಲೆಯಲ್ಲಿತ್ತು. 1951ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಭಾರತಕ್ಕೆ ಬಂದರು. ಇಸ್ಲಾಂ ಸ್ವೀಕರಿಸಿ ಮುಹಮ್ಮದ್ ಅಬ್ದ್ ಅಲ್ ರಹಮಾನ್ ಎಂದಾದರು. ಅಮೆರಿಕದ ಮೂಲನಿವಾಸಿಗಳಾದ ಕ್ಲಾಮತ್ ಜನರ ಭಾಷೆಯ ಮೇಲೆ ಬರ್ಕ್ಲಿಯಲ್ಲಿ ಸಂಶೋಧನೆ ನಡೆಸಿ, ಅದರ ವ್ಯಾಕರಣ ಮತ್ತು ನಿಘಂಟನ್ನು ಪ್ರಕಟಿಸಿದರು. ಅದನ್ನು ಮನೆಮಾತಾಗಿ ಸಲೀಸಾಗಿ ಆಡುತ್ತಿದ್ದ ಹಿರಿಯರು ಈಗ ಇಲ್ಲ, ಆ ಪುಸ್ತಕಗಳು ಇವೆ. ಉರ್ದು, ಬಲೂಚಿ ಭಾಷೆಗಳಿಗೂ ಪಠ್ಯಪುಸ್ತಕ ಬರೆದ ಅವರು 1970ರ ದಶಕದಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದರು.

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾದದ್ದು 1974ರ 'ಡಂಜನ್ಸ್ ಅಂಡ್ ಡ್ರಾಗನ್ಸ್'. ಅದನ್ನು ನೋಡಿದ ಬಾರ್ಕರ್ ತಮ್ಮ ಹಳೆಯ ಲೋಕಕ್ಕೆ ನಿಯಮ ಬರೆದರು. ಮರುವರ್ಷ ಅದೇ ಕಂಪನಿ ಅದನ್ನು ಅಚ್ಚುಹಾಕಿತು. ಮೊದಲ ಆಟದ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಡೇವ್ ಆರ್ನೆಸನ್ ಸ್ವತಃ ಬಾರ್ಕರ್ ಮನೆಯ ಮೇಜಿನ ಮುಂದೆ ಆಟಗಾರರಾಗಿ ಕುಳಿತರು. ಉಳಿದ ಆಟಗಳು ಯುರೋಪಿನ ನೈಟ್, ಡ್ರಾಗನ್‌ಗಳಲ್ಲಿ ಮುಳುಗಿದ್ದಾಗ ಬಾರ್ಕರ್ ಭಾರತ, ಈಜಿಪ್ಟ್, ಮಾಯಾ, ಅಜ್ಟೆಕ್ ನಾಡುಗಳಿಂದ ಸಾಮಗ್ರಿ ತಂದಿದ್ದರು.

ಕತ್ತಲ ಪುಟ

2012ರ ಮಾರ್ಚಿನಲ್ಲಿ ಬಾರ್ಕರ್ ತೀರಿಕೊಂಡರು. ಹತ್ತು ವರ್ಷಗಳ ನಂತರ, 2022ರ ಮಾರ್ಚಿನಲ್ಲಿ, ಅವರ ಕೃತಿಗಳನ್ನು ನೋಡಿಕೊಳ್ಳುವ ಟೆಕುಮೆಲ್ ಫೌಂಡೇಶನ್ ಒಂದು ಹೇಳಿಕೆ ಕೊಟ್ಟಿತು. 1991ರಲ್ಲಿ ಗುಪ್ತನಾಮದಲ್ಲಿ ಬಂದ 'ಸರ್ಪೆಂಟ್ಸ್ ವಾಕ್' ಎಂಬ ನಾಜಿ ಪರವಾದ, ಯಹೂದ್ಯರ ವಿರುದ್ಧ ವಿಷ ಕಾರುವ ಕಾದಂಬರಿಯನ್ನು ಬರೆದವರು ಬಾರ್ಕರ್ ಎಂದು ಅದು ಖಚಿತಪಡಿಸಿತು. ಹಿಟ್ಲರನ ನರಮೇಧವನ್ನೇ ಅಲ್ಲಗಳೆಯುವ ಪತ್ರಿಕೆಯೊಂದರ ಸಲಹಾಸಮಿತಿಯಲ್ಲಿ ಅವರ ಹೆಸರಿದ್ದುದೂ ಬೆಳಕಿಗೆ ಬಂತು.

ಆಟಗಾರರಿಗೆ ಇದು ಸಿಡಿಲಿನಂತೆ ಬಡಿಯಿತು. ಅಳಿವಿನ ಅಂಚಿನಲ್ಲಿದ್ದ ಪುಟ್ಟ ಸಮುದಾಯವೊಂದರ ಮಾತನ್ನು ಮುತುವರ್ಜಿಯಿಂದ ಬರೆದಿಟ್ಟ ಮನುಷ್ಯ, ಪರರ ಪದ್ಧತಿ ಅರಿಯದೆ ಬಾಳಲಾಗದ ಲೋಕ ಕಟ್ಟಿದ ಮನುಷ್ಯ ಅಂಥ ಪುಸ್ತಕ ಬರೆಯುವುದು ಹೇಗೆ? ಕೆಲವರು ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಹಾಕಿದರು. ಕೆಲವರು ಲೋಕವೇ ಬೇರೆ, ಲೇಖಕನೇ ಬೇರೆ ಎಂದರು. ಫೌಂಡೇಶನ್‌ಗೆ ವಿಷಯ ಮೊದಲೇ ತಿಳಿದಿದ್ದೂ ಹೇಳಲು ತಡಮಾಡಿತು ಎಂಬ ಸಿಟ್ಟು ಬಹಳ ಮಂದಿಗಿತ್ತು, ಅದು ನ್ಯಾಯವಾದ ಸಿಟ್ಟೇ. ಟೆಕುಮೆಲ್ ಬಗ್ಗೆ ಮಗ ಅಥವಾ ಮಗಳು ಕುತೂಹಲ ತೋರಿಸಿದರೆ ತಂದೆತಾಯಿ ಮೊದಲು ಹೇಳಬೇಕಾದ ಸಂಗತಿ ಇದು. ಆ ಲೋಕದಲ್ಲಿ ಗುಲಾಮಗಿರಿ, ನರಬಲಿಗಳೂ ಇವೆ, ಕಾಲೇಜು ಮೆಟ್ಟಿಲೇರುವ ಮೊದಲು ಅದರ ಗೊಡವೆ ಬೇಡ.

ಅಂದ ಹಾಗೆ ಹೆತ್ತವರು ಹೆದರಿದ್ದು ಬೇರೆಯದಕ್ಕೇ. 1979ರಲ್ಲಿ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಕಟ್ಟಡಗಳ ಕೆಳಗಿನ ಉಗಿಕೊಳವೆಗಳ ಸುರಂಗದಲ್ಲಿ ಇಂಥ ಆಟವಾಡುತ್ತ ಕಳೆದುಹೋಗಿರಬೇಕೆಂದು ಪತ್ರಿಕೆಗಳು ಬರೆದವು, ದೇಶವಿಡೀ ಗಾಬರಿ ಹಬ್ಬಿತು. ಸುಮಾರು ಒಂದು ತಿಂಗಳಿಗೆ ಹುಡುಗ ಸಿಕ್ಕಿದ. ಆಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಓದಿನಲ್ಲಿ ಅಸಾಧಾರಣ ಜಾಣನಾದ ಅವನನ್ನು ಕಾಡುತ್ತಿದ್ದುದು ಖಿನ್ನತೆ, ಒಂಟಿತನ, ಮನೆಯವರ ನಿರೀಕ್ಷೆಯ ಭಾರ. ಅವನು ಮರುವರ್ಷವೇ ಪ್ರಾಣ ಕಳೆದುಕೊಂಡ. ಆಟದ ಮೇಲಿನ ಗುಮಾನಿ ಮಾತ್ರ 1980ರ ದಶಕವಿಡೀ ಉಳಿಯಿತು, ಸಂಘಗಳು ಹುಟ್ಟಿಕೊಂಡವು, ಮೊಕದ್ದಮೆಗಳೂ ನಡೆದವು. ಹುಡುಗನ ಖಿನ್ನತೆಯ ಬಗ್ಗೆ ಅಷ್ಟು ಗದ್ದಲವಾಗಲಿಲ್ಲ.

ಇಂಥ ಆಟಕ್ಕೆ ಟೆಕುಮೆಲ್ಲೇ ಆಗಬೇಕೆಂದಿಲ್ಲ. ಬೇಕಾದದ್ದು ನಾಲ್ಕು ಜನ, ಕಾಗದ, ಪೆನ್ಸಿಲು, ಎರಡು ದಾಳ ಮತ್ತು ಒಂದು ಹಳೆಯ ರಾಜ್ಯ. ವಿಜಯನಗರದ ಕೊನೆಯ ದಿನಗಳನ್ನೋ ಬಿಜಾಪುರದ ಆದಿಲ್‌ಶಾಹಿಯ ಕೊನೆಯ ದಿನಗಳನ್ನೋ ಹಿಡಿದರೂ ಸಾಕು. ಹಂಪಿಯ ಬಜಾರಿಗೆ ಮೊದಲ ಸಲ ಕಾಲಿಟ್ಟ ಕುದುರೆ ವ್ಯಾಪಾರಿಯ ಪಾತ್ರ ಸಿಕ್ಕ ಹುಡುಗನಿಗೆ ಅಂದಿನ ನಾಣ್ಯ ಯಾವುದು, ಕುದುರೆ ಯಾವ ರೇವಿನಲ್ಲಿ ಇಳಿಯುತ್ತಿತ್ತು, ಸುಂಕ ಯಾರು ಕೇಳುತ್ತಾರೆ ಎಂದು ತಿಳಿಯಲೇಬೇಕಾಗುತ್ತದೆ. ಪರೀಕ್ಷೆಗೆಂದು ಓದಿದಾಗ ಬಾರದ ಪ್ರಶ್ನೆಗಳು ಆಗ ಬರುತ್ತವೆ. ಪುಸ್ತಕದಲ್ಲಿ ಉತ್ತರ ಸಿಗದಿದ್ದರೆ ಇತಿಹಾಸದ ಮೇಷ್ಟ್ರ ಮನೆ ಬಾಗಿಲು ತಟ್ಟಬೇಕಾದೀತು.

ಇತ್ತ ತ್ಸೋಲ್ಯಾನುವಿನ ಕಥೆ ಇನ್ನೂ ಮುಗಿದಿಲ್ಲ. ಬಾರ್ಕರ್ ಇಲ್ಲದಿದ್ದರೂ ಅಲ್ಲೊಂದು ಇಲ್ಲೊಂದು ಮೇಜಿನ ಸುತ್ತ ದಾಳ ಉರುಳುತ್ತಿವೆ. ಒಂದು ಮೇಜಿನಲ್ಲಿ ಸತ್ತ ರಾಜಕುಮಾರ ಇನ್ನೊಂದು ಮೇಜಿನಲ್ಲಿ ಪಟ್ಟಕ್ಕೇರಿ ಕೂತಿರಬಹುದು.