ಪ್ರಶಸ್ತಿಯೂ ದತ್ತಿಯೂ: ಅಂತರಜಾಲದಲ್ಲಿ ಆಸ್ಪತ್ರೆಗಳ ಪ್ರಕಟಣೆಯನ್ನು ಕುರಿತು

೧

ಕಾಯಿಲೆ ಬಿದ್ದ ಮನುಷ್ಯನು ಯಾವ ವೈದ್ಯರ ಬಳಿಗೆ ಹೋಗಬೇಕೆಂಬುದನ್ನು ಹೇಗೆ ನಿರ್ಧರಿಸುತ್ತಾನೆ? ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಈ ಪ್ರಶ್ನೆಗೆ ಬಹುಕಾಲ ಒಂದೇ ಉತ್ತರವಿತ್ತು. ಅದು ಹೋಗಿ ಗುಣವಾಗಿ ಬಂದವರ ಮಾತು. ವೈದ್ಯರ ಹೆಸರು ಸಂತೆಯಿಂದ ಸಂತೆಗೆ, ಬೀಗರಿಂದ ಬೀಗರಿಗೆ ಮುಟ್ಟುತ್ತಿತ್ತು. ೧೮೯೪ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದ ಮೇಲೆ, ಅದರ ಖ್ಯಾತಿಯು ಕೃಷ್ಣಾ ಭೀಮಾ ನದಿಗಳ ನಡುವಣ ಈ ಬಯಲುಸೀಮೆಗೆ ಬಂದದ್ದು ಮುಖ್ಯವಾಗಿ ಈ ಬಗೆಯಿಂದಲೇ. ‘ಮಿರಜಿಗೆ ಒಯ್ಯಿರಿ’ ಎಂಬ ಮಾತನ್ನು ನಮ್ಮ ಹಿರಿಯರ ಬಾಯಿಯಿಂದ ಕೇಳದವರು ಕಡಮೆ.

ಈಚೆಗೆ ಈ ಕ್ರಮವು ಬದಲಾಗಿದೆ. ರೋಗಿಯ ಮಗನೋ ಮೊಮ್ಮಗಳೋ ಮೊಬೈಲಿನಲ್ಲಿ ರೋಗದ ಹೆಸರನ್ನೂ ಊರಿನ ಹೆಸರನ್ನೂ ಬರೆದು ಹುಡುಕುವರು. ಮೊದಲು ಕಾಣುವ ಎರಡು ಮೂರು ಹೆಸರುಗಳಲ್ಲಿ ಒಂದನ್ನು ಆರಿಸುವರು. ಆದುದರಿಂದ ವೈದ್ಯರೂ ಆಸ್ಪತ್ರೆಗಳೂ ಅಂತರಜಾಲದಲ್ಲಿ ತಮ್ಮನ್ನು ಹೇಗೆ ಪರಿಚಯಿಸಿಕೊಳ್ಳಬೇಕೆಂಬ ಪ್ರಶ್ನೆಯು ವ್ಯಾಪಾರದ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಪ್ರಸ್ತುತ ಲೇಖನದ ಉದ್ದೇಶವು ಈ ಪ್ರಶ್ನೆಯನ್ನು ಮೇಲ್ಕಾಣಿಸಿದ ನಾಲ್ಕು ತಾಲೂಕುಗಳ ದೃಷ್ಟಿಯಿಂದ ವಿವೇಚಿಸುವುದಾಗಿದೆ. ಈಚಿನ ವರ್ಷಗಳಲ್ಲಿ ಇವುಗಳಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೋಲ್ಹಾರ ಎಂಬ ಹೊಸ ತಾಲೂಕುಗಳು ಬೇರ್ಪಟ್ಟಿವೆ. ಇಲ್ಲಿ ಹಳೆಯ ವಿಸ್ತಾರವನ್ನೇ ಗ್ರಹಿಸಲಾಗಿದೆ.

೨

ಇತಿಹಾಸದ ವಿದ್ಯಾರ್ಥಿಗೆ ಈ ವಿಷಯವನ್ನು ಅಳೆಯಲು ಒಂದು ಒಳ್ಳೆಯ ಅಳತೆಗೋಲು ಈಗಾಗಲೇ ಕೈಯಲ್ಲಿದೆ. ಅದು ಶಾಸನ. ಧರ್ಮಸಂಸ್ಥೆಯೊಂದು ತನ್ನ ಇರವನ್ನು ನಾಡಿಗೆ ತಿಳಿಸಲು ಕಲ್ಲನ್ನು ನೆಡಿಸುತ್ತಿದ್ದ ಕಾಲದಲ್ಲಿ, ಆ ಕಲ್ಲಿನ ಬರಹದಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತಿದ್ದವು. ಮೊದಲನೆಯದು ಪ್ರಶಸ್ತಿ, ಎಂದರೆ ಅರಸನ, ಮಂತ್ರಿಯ, ಆಚಾರ್ಯನ ಹೊಗಳಿಕೆ. ಎರಡನೆಯದು ದತ್ತಿಯ ವಿವರ, ಎಂದರೆ ಯಾರಿಗೆ, ಏನು, ಎಷ್ಟು, ಯಾವ ಕಾಲಕ್ಕೆ ಎಂಬ ನಿರ್ದೇಶನ.

ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ. ಶ. ೯೪೫ರ ಸ್ತಂಭಶಾಸನವು ಇದಕ್ಕೆ ಮನೆಯ ಹತ್ತಿರದ ಉದಾಹರಣೆ. ಅದರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮತ್ತು ಅವನ ಮಂತ್ರಿ ನಾರಾಯಣನ ಗುಣಗಾನವಿದೆ. ಆದರೆ ದೂರದ ನಾಡುಗಳಿಂದ ಓದಲು ಬರುವ ವಿದ್ಯಾರ್ಥಿಗೆ ಉಪಯುಕ್ತವಾದುದು ಅದರ ಮುಂದಿನ ಭಾಗ: ವಾಸಕ್ಕೆ ೨೭ ಮನೆಗಳಿರುವುದು, ದೀಪಕ್ಕೂ ವೆಚ್ಚಕ್ಕೂ ಭೂಮಿ ಬಿಟ್ಟಿರುವುದು, ಮದುವೆ ಉಪನಯನಗಳಲ್ಲಿ ಊರವರು ಕಾಣಿಕೆ ಸಲ್ಲಿಸಬೇಕೆಂಬುದು.

ಇದು ವಿದ್ಯಾಶಾಲೆಯ ಮಾತಾಯಿತು. ಆರೋಗ್ಯಶಾಲೆಯ ವಿಷಯದಲ್ಲಿಯೂ ಹೀಗೆಯೇ. ಕಂಚಿಯ ಸಮೀಪದ ತಿರುಮುಕ್ಕೂಡಲ್‌ನ, ಕ್ರಿ. ಶ. ೧೦೬೯ರ ಸುಮಾರಿನ ಚೋಳ ವೀರರಾಜೇಂದ್ರನ ಶಾಸನವು ಅಲ್ಲಿಯ ಆತುರಶಾಲೆಯಲ್ಲಿ ೧೫ ಹಾಸಿಗೆಗಳಿದ್ದುದನ್ನು ಹೇಳುತ್ತದೆ. ವೈದ್ಯ, ಶಸ್ತ್ರಕ್ರಿಯೆ ಮಾಡುವವನು, ಶುಶ್ರೂಷಕಿಯರು ಮೊದಲಾದವರಿಗೆ ಸಲ್ಲುವ ವೇತನವನ್ನೂ, ಸಂಗ್ರಹಿಸಿಡಬೇಕಾದ ಔಷಧಗಳ ಹೆಸರುಗಳನ್ನೂ ಕೊಡುತ್ತದೆ. ಬಳ್ಳಿಗಾವೆಯ ಕೋಡಿಯಮಠದ ಕ್ರಿ. ಶ. ೧೧೬೨ರ ಶಾಸನವು ಬಿಜ್ಜಳನ ಕಾಲದ್ದು. ಆ ಮಠವು ದೀನರಿಗೆ, ಅನಾಥರಿಗೆ, ರೋಗಿಗಳಿಗೆ ಆಶ್ರಯಸ್ಥಾನವಾಗಿತ್ತೆಂದು ಅದರಿಂದ ತಿಳಿದುಬರುತ್ತದೆ.

ಇತಿಹಾಸಕಾರನು ಪ್ರಶಸ್ತಿಯನ್ನು ಎಚ್ಚರದಿಂದಲೂ ದತ್ತಿಯ ವಿವರವನ್ನು ಹೆಚ್ಚಿನ ವಿಶ್ವಾಸದಿಂದಲೂ ಓದುತ್ತಾನೆ. ಪ್ರಶಸ್ತಿಯನ್ನು ಯಾವ ಅರಸನಿಗಾದರೂ ಬರೆಸಬಹುದು. ೧೫ ಹಾಸಿಗೆಗಳೆಂದು ಬರೆಸಿದರೆ ಯಾರು ಬೇಕಾದರೂ ಎಣಿಸಿ ನೋಡಬಹುದು. ಅಂತರಜಾಲದ ಪುಟಕ್ಕೂ ಇದೇ ನ್ಯಾಯವು ಅನ್ವಯಿಸುತ್ತದೆಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

೩

ನಮ್ಮ ಕಾನೂನೂ ಬಹುಮಟ್ಟಿಗೆ ಇದೇ ಗೆರೆಯನ್ನು ಎಳೆದಿದೆ. ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ೧೯೧೨ರ ಮುಂಬಯಿ ವೈದ್ಯಕೀಯ ಕಾಯ್ದೆಯು ವೈದ್ಯರ ನೋಂದಣಿಯನ್ನು ಆರಂಭಿಸಿತು. ಪಟ್ಟಿಯಲ್ಲಿರುವವನಾರು, ಇಲ್ಲದವನಾರು ಎಂಬುದನ್ನು ಜನರು ತಿಳಿಯುವ ಮಾರ್ಗ ಅಂದಿನಿಂದ ಉಂಟಾಯಿತು. ೧೯೫೪ರ ಔಷಧಗಳು ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯು ಮಧುಮೇಹ, ಅರ್ಬುದ, ಮೂರ್ಛೆರೋಗ ಮುಂತಾದ ಗೊತ್ತಾದ ರೋಗಗಳನ್ನು ಗುಣಪಡಿಸುವ ಔಷಧವಿದೆಯೆಂಬ ಜಾಹೀರಾತನ್ನು ನಿಷೇಧಿಸಿತು. ಭ್ರೂಣಲಿಂಗಪತ್ತೆಯ ಜಾಹೀರಾತನ್ನು ೧೯೯೪ರ ಕಾಯ್ದೆಯು ನಿಷೇಧಿಸಿದೆ. ಈ ನಿಷೇಧವು ಅಂತರಜಾಲಕ್ಕೂ ಅನ್ವಯಿಸುತ್ತದೆ.

ವೈದ್ಯರ ವೃತ್ತಿನೀತಿಯ ವಿಷಯದಲ್ಲಿ ೨೦೦೨ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಗಳು ಮುಖ್ಯವಾದವು. ೨೦೨೩ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಗಳನ್ನು ಪ್ರಕಟಿಸಿ, ಅದೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿದು, ೨೦೦೨ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು. ಇವುಗಳ ಪ್ರಕಾರ ರೋಗಿಗಳನ್ನು ನೇರವಾಗಿ ಅಥವಾ ಪರೋಕ್ಷವಾಗಿ ತನ್ನೆಡೆಗೆ ಸೆಳೆಯಲು ಯತ್ನಿಸುವುದು ಅನೀತಿ. ಆದರೆ ವೃತ್ತಿಯನ್ನು ಆರಂಭಿಸಿದಾಗ, ವಿಳಾಸ ಬದಲಾದಾಗ, ತಾತ್ಕಾಲಿಕವಾಗಿ ಇರದಿದ್ದಾಗ ಪ್ರಕಟಣೆ ಕೊಡಬಹುದು. ಶುಲ್ಕವನ್ನು ಬಹಿರಂಗವಾಗಿ ಹೇಳಬಹುದು. ವೈದ್ಯರು ನಡೆಸುವ ಸಂಸ್ಥೆಯು ತನ್ನ ಹೆಸರು, ಸೇರಿಸಿಕೊಳ್ಳುವ ರೋಗಿಗಳ ಬಗೆ, ಇರುವ ಸೌಕರ್ಯಗಳು ಮತ್ತು ಶುಲ್ಕ ಇವುಗಳನ್ನು ಪ್ರಕಟಿಸಬಹುದು. ರೋಗಿಯ ಗುರುತು ಸಿಕ್ಕುವಂತಹ ಚಿತ್ರವನ್ನು ಅವನ ಅನುಮತಿಯಿಲ್ಲದೆ ಪ್ರಕಟಿಸಬಾರದು.

ಈ ನಿಯಮಗಳು ಪತ್ರಿಕೆಯನ್ನೂ ಫಲಕವನ್ನೂ ಕಣ್ಣ ಮುಂದಿಟ್ಟು ಬರೆದವುಗಳೆಂಬುದು ನಿಜ. ಆದರೂ ಅವುಗಳ ತಾತ್ಪರ್ಯ ಸ್ಪಷ್ಟವಾಗಿದೆ. ಇವು ತಡೆಯುವುದು ಪ್ರಶಸ್ತಿಯನ್ನು. ದತ್ತಿಯ ವಿವರಕ್ಕೆ ಎಡೆಯುಂಟು.

೪

ಅಂತರಜಾಲದಲ್ಲಿ ಆಸ್ಪತ್ರೆಯ ಹೆಸರು ರೋಗಿಗೆ ಕಾಣುವ ಮಾರ್ಗಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಗೂಗಲ್ ನಕ್ಷೆಯಲ್ಲಿಯ ಸ್ಥಾನ. ಇದನ್ನು ಯಾವ ವೈದ್ಯರಾದರೂ ಹಣ ಕೊಡದೆ ದಾಖಲಿಸಬಹುದು. ಸಮಯ, ದೂರವಾಣಿ, ಕಟ್ಟಡದ ಚಿತ್ರ ಇವು ಅಲ್ಲಿ ಕಾಣುತ್ತವೆ. ರೋಗಿಗಳು ಕೊಡುವ ನಕ್ಷತ್ರಗಳೂ ಅಭಿಪ್ರಾಯಗಳೂ ಅದರ ಜೊತೆಗೆ ಇರುತ್ತವೆ. ಎರಡನೆಯದು ವೈದ್ಯರ ಹೆಸರುಗಳನ್ನು ಕ್ರೋಡೀಕರಿಸುವ ತಾಣಗಳು. ಸುರತ್ಕಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ೨೦೦೮ರಲ್ಲಿ ಸ್ಥಾಪಿಸಿದ, ಬೆಂಗಳೂರಿನ ಪ್ರಾಕ್ಟೋ ಇವುಗಳಲ್ಲಿ ಪ್ರಸಿದ್ಧವಾದುದು. ಅದು ಮೊದಲು ವೈದ್ಯರ ಕಚೇರಿಕೆಲಸದ ಸಾಧನವಾಗಿದ್ದು, ಬಳಿಕ ರೋಗಿಗಳು ವೈದ್ಯರನ್ನು ಹುಡುಕುವ ತಾಣವಾಯಿತು. ಮೂರನೆಯದು ಹಣ ಕೊಟ್ಟು ಹಾಕಿಸುವ ಜಾಹೀರಾತು. ಹುಡುಕಿದವರಿಗೆ ಇದು ಇತರ ಹೆಸರುಗಳಿಗಿಂತ ಮೇಲೆ ಕಾಣುತ್ತದೆ. ‘ಪ್ರಾಯೋಜಿತ’ ಎಂಬ ಸಣ್ಣ ಗುರುತು ಅದರ ಮೇಲಿದ್ದರೂ ಅನೇಕರು ಅದನ್ನು ಗಮನಿಸುವುದಿಲ್ಲ. ನಾಲ್ಕನೆಯದು ಯೂಟ್ಯೂಬ್, ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಹರಿದಾಡುವ ಮಾತುಚಿತ್ರಗಳು.

ಈ ನಾಲ್ಕರಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಅಲ್ಲಿ ಏನನ್ನು ಬರೆಯಲಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

೫

ಇದನ್ನು ಸ್ಪಷ್ಟಪಡಿಸಲು ಈ ಲೇಖಕನ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಸಿಂದಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ದೊಡ್ಡಪ್ಪನವರಿಗೆ ಸಂಜೆಯ ಹೊತ್ತು ಲಕ್ವ ಹೊಡೆಯಿತು. ಮನೆಯ ಹುಡುಗರು ಮೊಬೈಲಿನಲ್ಲಿ ಹುಡುಕಿದಾಗ ಒಂದು ಆಸ್ಪತ್ರೆಯ ಪುಟ ದೊರೆಯಿತು. ಅದರಲ್ಲಿ ೨೪ ತಾಸಿನ ಸೇವೆ, ಎಲ್ಲ ತಜ್ಞರು, ಅತ್ಯಾಧುನಿಕ ಯಂತ್ರಗಳು ಎಂಬ ಮಾತುಗಳಿದ್ದವು. ಬಾಡಿಗೆ ಕಾರಿನಲ್ಲಿ ಅಲ್ಲಿಗೆ ಒಯ್ದೆವು. ನರರೋಗದ ತಜ್ಞರು ವಾರಕ್ಕೊಮ್ಮೆ ಮಾತ್ರ ಬರುವರೆಂದೂ, ಮೆದುಳಿನ ಸಿ.ಟಿ. ಚಿತ್ರ ತೆಗೆಯುವ ಯಂತ್ರ ಅಲ್ಲಿ ಇಲ್ಲವೆಂದೂ ಹೋದ ಮೇಲೆ ತಿಳಿಯಿತು. ಅಲ್ಲಿಂದ ಮತ್ತೊಂದು ಊರಿಗೆ ಹೋಗುವಷ್ಟರಲ್ಲಿ ರಾತ್ರಿ ಬಹಳವಾಗಿತ್ತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ತಾಸಿನೊಳಗಾಗಿ, ಅದೂ ಮೆದುಳಿನ ಚಿತ್ರವನ್ನು ನೋಡಿದ ಮೇಲೆಯೇ, ಕೊಡಬೇಕು. ಆ ಅವಧಿ ಮುಗಿದಿತ್ತು. ದೊಡ್ಡಪ್ಪನವರು ಬದುಕಿದರು, ಬಲಗೈ ಮಾತ್ರ ಮರಳಲಿಲ್ಲ. ಸಕಾಲಕ್ಕೆ ತಲುಪಿದ್ದರೆ ಮರಳುತ್ತಿತ್ತೆಂದು ನಿಶ್ಚಯವಾಗಿ ಹೇಳಲಾಗದು. ಆದರೆ ಆ ಅವಕಾಶವೇ ಅವರಿಗೆ ದೊರೆಯಲಿಲ್ಲ.

ಆ ಪುಟದಲ್ಲಿ ಶುದ್ಧ ಸುಳ್ಳೆಂದು ಹೇಳಬಹುದಾದ ಮಾತು ಬಹುಶಃ ಒಂದೂ ಇರಲಿಲ್ಲ. ಬಾಗಿಲು ೨೪ ತಾಸೂ ತೆರೆದಿತ್ತು. ತಜ್ಞರು ವಾರಕ್ಕೊಮ್ಮೆ ಬರುತ್ತಿದ್ದರು. ಯಾವುದೋ ಯಂತ್ರಗಳೂ ಇದ್ದವು. ಅಲ್ಲಿ ಪ್ರಶಸ್ತಿ ಇತ್ತು, ದತ್ತಿಯ ವಿವರ ಇರಲಿಲ್ಲ.

ನಾಲ್ಕೂ ತಾಲೂಕು ಸ್ಥಳಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ಆದರೆ ತಜ್ಞರು ಬೇಕಾದಾಗ ರೋಗಿಯು ಅನೇಕ ವೇಳೆ ೪೦ರಿಂದ ೮೦ ಕಿಲೋಮೀಟರು ದೂರದ ವಿಜಯಪುರಕ್ಕೆ, ಇಲ್ಲವೆ ಗಡಿ ದಾಟಿ ಸೋಲಾಪುರಕ್ಕೆ ಹೋಗಬೇಕಾಗುತ್ತದೆ. ಒಂದು ವ್ಯರ್ಥ ಪ್ರಯಾಣವೆಂದರೆ ಒಂದು ದಿನದ ಕೂಲಿ, ಜೊತೆಗೆ ಬಂದವನ ಕೂಲಿ, ವಾಹನದ ಬಾಡಿಗೆ. ಕೆಲವು ವೇಳೆ ಅಂಗಾಂಗವೇ. ಆದುದರಿಂದ ಇಲ್ಲಿಯ ಜನರಿಗೆ ಸೇವೆ ಸಲ್ಲಿಸುವ ವೈದ್ಯರ ಪುಟದಲ್ಲಿ ಈ ಕೆಳಗಿನ ಸಂಗತಿಗಳು ಇರುವುದು ಅವಶ್ಯ.

ಮೊದಲನೆಯದಾಗಿ, ವೈದ್ಯರ ಪೂರ್ಣ ಹೆಸರು, ಪದವಿ ಮತ್ತು ನೋಂದಣಿ ಸಂಖ್ಯೆ. ಸಂಖ್ಯೆಯು ಕರ್ನಾಟಕ ವೈದ್ಯಕೀಯ ಪರಿಷತ್ತಿನದೋ ಮಹಾರಾಷ್ಟ್ರದ್ದೋ ಎಂಬುದನ್ನೂ ತಿಳಿಸಬೇಕು. ಖಾಸಗಿ ಸಂಸ್ಥೆಯಾದರೆ ೨೦೦೭ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಪಡೆದ ನೋಂದಣಿಯನ್ನೂ ಕಾಣಿಸಬೇಕು.

ಎರಡನೆಯದಾಗಿ, ಯಾವ ತಜ್ಞರು ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇರುತ್ತಾರೆ ಎಂಬುದು. ಅವರು ಬಾರದ ದಿನ ಬೆಳಗ್ಗೆಯೇ ಅದನ್ನು ತಿದ್ದಬೇಕು. ರಾತ್ರಿ ಕರೆದರೆ ಯಾರಾದರೂ ಎತ್ತುವ ದೂರವಾಣಿ ಸಂಖ್ಯೆಯು ನೂರು ಚಿತ್ರಗಳಿಗಿಂತ ಮೇಲು.

ಮೂರನೆಯದಾಗಿ, ಶುಲ್ಕ ಮತ್ತು ಸರಕಾರಿ ಯೋಜನೆಗಳ ವಿಷಯ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವವನು ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಚೀಟಿಯನ್ನು ತರಬೇಕು. ‘ಕಾರ್ಡು ನಡೆಯುತ್ತದೆ’ ಎಂದಷ್ಟೇ ಬರೆದು ಚೀಟಿಯ ಮಾತನ್ನು ಬಿಟ್ಟರೆ, ರೋಗಿಯು ಬಂದ ದಾರಿಯಲ್ಲೇ ಹಿಂದಿರುಗಬೇಕಾಗುತ್ತದೆ.

ನಾಲ್ಕನೆಯದಾಗಿ, ಇಲ್ಲದ್ದನ್ನು ಇಲ್ಲವೆನ್ನುವುದು. ‘ನಮ್ಮಲ್ಲಿ ರಾತ್ರಿ ಹೆರಿಗೆಯ ಶಸ್ತ್ರಕ್ರಿಯೆ ಆಗುವುದಿಲ್ಲ’, ‘ಸಿ.ಟಿ. ಯಂತ್ರವಿಲ್ಲ’ ಎಂಬ ಒಂದು ಸಾಲು ಆಸ್ಪತ್ರೆಯ ಗೌರವವನ್ನು ಕುಗ್ಗಿಸುವುದಿಲ್ಲ. ಇಲ್ಲವೆಂದು ಹೇಳಿದವನು ಇದೆಯೆಂದು ಹೇಳಿದಾಗ ಜನರು ನಂಬುತ್ತಾರೆ.

ಐದನೆಯದಾಗಿ, ಭಾಷೆ. ಇಲ್ಲಿಯ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಮಾತುಗಳು ಕೇಳಿಬರುತ್ತವೆ. ಇಂಗ್ಲಿಷಿನಲ್ಲಿ ಮಾತ್ರ ಇರುವ ಪುಟವು ರೋಗಿಗಾಗಿ ಬರೆದುದಲ್ಲ. ತಮ್ಮ ಶಾಸ್ತ್ರದ ವಿಷಯವನ್ನು ವೈದ್ಯರೇ ತಿಳಿಗನ್ನಡದಲ್ಲಿ ಹೇಳುವುದು, ಉದಾಹರಣೆಗೆ ಹಾವು ಕಚ್ಚಿದಾಗ ಏನು ಮಾಡಬಾರದು, ಗರ್ಭಿಣಿಯ ಯಾವ ಲಕ್ಷಣಕ್ಕೆ ಹೆದರಬೇಕು ಎಂಬುದನ್ನು ವಿವರಿಸುವುದು, ನೀತಿಗೆ ವಿರುದ್ಧವಲ್ಲ. ಹೆಸರನ್ನು ತರುವ ಒಳ್ಳೆಯ ಮಾರ್ಗವೂ ಅದೇ.

ನಕ್ಷತ್ರಗಳ ವಿಷಯದಲ್ಲಿ ಎರಡು ಮಾತು. ಹಣಕ್ಕೆ ಅಭಿಪ್ರಾಯ ಬರೆಸುವುದು ವಂಚನೆ. ಇನ್ನು, ನಿಂದೆ ಬರೆದ ರೋಗಿಗೆ ಉತ್ತರ ಕೊಡುವ ಭರದಲ್ಲಿ ಅವನ ರೋಗವನ್ನು ಎಲ್ಲರೆದುರು ಬಯಲಿಗೆಳೆಯುವುದು ಅದಕ್ಕಿಂತ ದೊಡ್ಡ ತಪ್ಪು. ‘ದಯವಿಟ್ಟು ಬಂದು ಕಾಣಿರಿ’ ಎಂಬಷ್ಟೇ ಅಲ್ಲಿ ಸಾಕು.

೬

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದೊಡ್ಡ ನಗರದ ಆಸ್ಪತ್ರೆಯು ಹಣ ಸುರಿದು ಮೇಲೆ ಕಾಣಿಸಿಕೊಳ್ಳುವಾಗ, ಮುದ್ದೇಬಿಹಾಳದ ಇಲ್ಲವೆ ಬಾಗೇವಾಡಿಯ ಸಣ್ಣ ವೈದ್ಯರು ಬರಿಯ ವಿವರವನ್ನು ಬರೆದು ಉಳಿಯುವುದು ಹೇಗೆ? ಆಕ್ಷೇಪಣೆಯು ನಿರಾಧಾರವಲ್ಲ. ಆದರೆ ನಕ್ಷೆಯಲ್ಲಿ ಹುಡುಕುವಾಗ ಸಾಮೀಪ್ಯಕ್ಕೂ ಬೆಲೆಯುಂಟು. ಹತ್ತಿರದ ವೈದ್ಯರ ವಿವರವು ಪೂರ್ಣವೂ ನಿಖರವೂ ಆಗಿದ್ದರೆ ಅದು ಕಾಣುವ ಸಂಭವ ಹೆಚ್ಚು. ಮೇಲಾಗಿ, ಹೋಗಿ ಬಂದವರ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ. ಪುಟದಲ್ಲಿ ಹೇಳಿದ್ದೂ ಆಸ್ಪತ್ರೆಯಲ್ಲಿ ಕಂಡದ್ದೂ ಒಂದೇ ಆಗಿದ್ದರೆ ಆ ಮಾತು ವೈದ್ಯರ ಪರವಾಗಿಯೇ ನಿಲ್ಲುತ್ತದೆ.

ಕೊನೆಯದಾಗಿ, ಈ ವಿಷಯವು ನಮ್ಮ ಕಾಲೇಜುಗಳಿಗೂ ಸಂಬಂಧಿಸಿದೆ. ಹಳ್ಳಿಯ ಮನೆಗಳಲ್ಲಿ ಮೊಬೈಲನ್ನು ಹಿಡಿದು ಹಿರಿಯರಿಗಾಗಿ ಆಸ್ಪತ್ರೆಯನ್ನು ಹುಡುಕುವವರು ಬಹುತೇಕ ನಮ್ಮ ವಿದ್ಯಾರ್ಥಿಗಳೇ. ಶಾಸನಪಾಠದಲ್ಲಿ ಪ್ರಶಸ್ತಿ ಎಲ್ಲಿ ಮುಗಿಯಿತು, ದತ್ತಿ ಎಲ್ಲಿ ಮೊದಲಾಯಿತು ಎಂದು ಗುರುತಿಸಲು ನಾವು ಅವರಿಗೆ ಕಲಿಸುತ್ತೇವೆ. ಅದೇ ದಿನ ಅದೇ ತರಗತಿಯಲ್ಲಿ ಆಸ್ಪತ್ರೆಯೊಂದರ ಪುಟವನ್ನು ತೆರೆದು ಅದೇ ಪ್ರಶ್ನೆಯನ್ನು ಕೇಳಬಹುದು: ಯಾವ ವೈದ್ಯರು, ಯಾವ ದಿನ, ಯಾವ ಶುಲ್ಕಕ್ಕೆ, ಯಾವ ಯಂತ್ರದಿಂದ? ಉತ್ತರ ಸಿಕ್ಕದಿದ್ದರೆ ಹೊರಡುವ ಮೊದಲು ದೂರವಾಣಿ ಮಾಡಿ ಕೇಳುವ ಅಭ್ಯಾಸವನ್ನು ಬೆಳೆಸಬಹುದು. ನಮ್ಮ ಮನೆಯ ಹುಡುಗರಿಗೆ ಆ ಸಂಜೆ ಅದು ಹೊಳೆಯಲಿಲ್ಲ; ಅದನ್ನು ಅವರಿಗೆ ಯಾರೂ, ಇತಿಹಾಸದ ಅಧ್ಯಾಪಕನಾದ ನಾನೂ, ಕಲಿಸಿರಲಿಲ್ಲ.