ಕೇಳುವವರಿಲ್ಲದೆ ಉಳಿದ ಹೊಸ ಹಾಡುಗಳು

ಟಿ.ಸಿ.ಎಚ್. ತರಬೇತಿಯಲ್ಲಿ ನನ್ನ ಜತೆಗಿದ್ದ ಗೆಳೆಯರೊಬ್ಬರು ಈಗ ಆಂಧ್ರದ ಅನಂತಪುರ ಜಿಲ್ಲೆಯ ಬೆಳುಗುಪ್ಪದಲ್ಲಿದ್ದಾರೆ. ಕಲ್ಯಾಣದುರ್ಗದ ಕಡೆಯ ಊರು ಅದು. ನಮ್ಮಲ್ಲಿ ಅಡಿಕೆ ತೋಟ, ಅಲ್ಲಿ ಶೇಂಗಾ ಬೆಳೆಯುವ ಬಯಲು. ಇಲ್ಲಿ ಮಳೆ ಹೆಚ್ಚಾಯಿತೆಂಬ ದೂರು, ಅಲ್ಲಿ ಬಾರಲಿಲ್ಲವೆಂಬ ದೂರು. ಉಳಿದಂತೆ ಎರಡೂ ಕಡೆಯ ಕನ್ನಡ ಮನೆಗಳ ಕತೆ ಒಂದೇ. 1953ರಲ್ಲಿ ಆಂಧ್ರ ರಾಜ್ಯವಾದಾಗ ಅವರು ಗಡಿಯ ಆಚೆ ಉಳಿದರು. 1956ರಲ್ಲಿ ಕೇರಳವಾದಾಗ ನಾವು ಉಳಿದೆವು.

ಕಳೆದ ಬೇಸಿಗೆ ರಜೆಯಲ್ಲಿ ಅವರಲ್ಲಿಗೆ ಹೋಗಿದ್ದೆ. ಹತ್ತನೆಯ ತರಗತಿ ಮುಗಿಸಿದ್ದ ಅವರ ಮಗ, ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನ್ ತೆಗೆದು ನನ್ನನ್ನು ಕೇಳಿದ:

“ಸಾರ್, ತೆಲುಗಿನಾಗ ರ‍್ಯಾಪ್ ಐತೆ, ನಿಮ್ಮ ಕಡೆ ಮಲಯಾಳದಾಗೂ ಐತೆ. ಕನ್ನಡದಾಗ ಯಾಕಿಲ್ಲ?”

“ಇದೆಯಪ್ಪಾ” ಎಂದೆ.

“ಹಂಗಾದ್ರೆ ನನ್ನ ಫೋನಿಗೆ ಯಾಕೆ ಬರಲ್ಲ?”

ದಿನವೂ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುವುದೇ ಕಸುಬಾದ ನನಗೂ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಆ ಹುಡುಗನ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ತಿಳಿದುದನ್ನು ಓದುಗರ ಮುಂದಿಡುತ್ತಿದ್ದೇನೆ.

ಏನಿದು ಹೊಸ ಸಂಗೀತ?

ಹಿರಿಯರಿಗಾಗಿ ಎರಡು ಮಾತು. 1973ರ ಆಗಸ್ಟ್ 11ರಂದು ಅಮೆರಿಕದ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿ, ಶಾಲೆ ಪುನಃ ತೆರೆಯುವ ಮುನ್ನ ನಡೆದ ಒಂದು ಸಣ್ಣ ಪಾರ್ಟಿಯಲ್ಲಿ, ಜಮೈಕಾ ಮೂಲದ ಕೂಲ್ ಹರ್ಕ್ ಎಂಬ ತರುಣ ರೆಕಾರ್ಡುಗಳನ್ನು ನುಡಿಸಿದ. ಎರಡು ರೆಕಾರ್ಡ್ ಪ್ಲೇಯರುಗಳನ್ನಿಟ್ಟುಕೊಂಡು, ಹಾಡಿನಲ್ಲಿ ಡ್ರಮ್ ಮಾತ್ರ ಕೇಳಿಸುವ ತುಂಡನ್ನೇ ಮತ್ತೆ ಮತ್ತೆ ನುಡಿಸುವುದು ಆತನ ಕ್ರಮ. ಆ ಬಡಿತದ ಮೇಲೆ ಪ್ರಾಸಬದ್ಧವಾಗಿ ಮಾತಾಡುವುದು ಬೆಳೆದು ರ‍್ಯಾಪ್ ಆಯಿತು. ಈ ಒಟ್ಟು ಕಲೆಗೆ ಹಿಪ್ ಹಾಪ್ ಎಂಬ ಹೆಸರು ಬಂತು. ಹೌಸ್ ಎಂಬುದು ಷಿಕಾಗೋ ನಗರದ್ದು. ಅಲ್ಲಿ 1977ರಲ್ಲಿ ತೆರೆದ ‘ವೇರ್‌ಹೌಸ್’ ಎಂಬ ನೃತ್ಯಗೃಹದಲ್ಲಿ ಫ್ರಾಂಕಿ ನಕಲ್ಸ್ ನುಡಿಸುತ್ತಿದ್ದ ಬಗೆಗೆ ಆ ಮನೆಯ ಹೆಸರೇ ಅಂಟಿಕೊಂಡಿತು. ಚುಟುಕಾಗಿ ಹೇಳುವುದಾದರೆ ಹಿಪ್ ಹಾಪ್‌ನಲ್ಲಿ ಮಾತು ಮುಂದೆ. ಹೌಸ್‌ನಲ್ಲಿ ಯಂತ್ರದ ಸಮತಾಳ ಮುಂದೆ, ಮಾತು ಹಿಂದೆ.

ಇದು ನಮಗೆ ತೀರ ಪರಕೀಯವೆಂದು ಮೂಗು ಮುರಿಯಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಮಾತಿಗೆ ಮಾತು ಕಟ್ಟಿ ಎದುರಾಳಿಯನ್ನು ನಿರುತ್ತರಗೊಳಿಸುವುದನ್ನು ನಾವು ಬೆಳಗಿನ ತನಕ ಕೂತು ಕೇಳಿದವರು. ಉತ್ತರ ಕರ್ನಾಟಕದ ಹರದೇಸಿ–ನಾಗೇಶಿಗಳಲ್ಲಿ ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ಹುಡುಗರ ರ‍್ಯಾಪ್ ಸ್ಪರ್ಧೆಯ ಹುರುಪು ನಮಗೆ ಅರ್ಥವಾಗದ ಸಂಗತಿಯೇನಲ್ಲ.

28 ವರ್ಷ ಮೂಲೆ ಸೇರಿದ್ದ ತಟ್ಟೆ

ಒಳ್ಳೆಯದಾಗಿದ್ದರೆ ತಾನಾಗಿ ಕಿವಿಗೆ ಬೀಳುತ್ತದೆ ಎನ್ನುವವರಿದ್ದಾರೆ. ಅವರಿಗೆ ಚರಣ್‌ಜಿತ್ ಸಿಂಗರ ಕತೆ ಹೇಳಬೇಕು. ಮುಂಬಯಿಯ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಇವರು, ಜಪಾನಿನ ರೋಲೆಂಡ್ ಕಂಪೆನಿಯ ಹೊಸ ಯಂತ್ರಗಳನ್ನಿಟ್ಟುಕೊಂಡು ಭೈರವಿ, ಲಲಿತ್, ತೋಡಿ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ 1982ರಲ್ಲಿ ಒಂದು ಗ್ರಾಮಫೋನ್ ತಟ್ಟೆ ಹೊರತಂದರು. ಯಾರೂ ಗಮನಿಸಲಿಲ್ಲ. ಒಬ್ಬ ಡಚ್ ಸಂಗ್ರಾಹಕರು ಅದನ್ನು 2010ರಲ್ಲಿ ಮರಳಿ ಹೊರತಂದಾಗ ಸಂಗೀತ ಪ್ರಪಂಚವೇ ಬೆರಗಾಯಿತು. ಷಿಕಾಗೋದಲ್ಲಿ 1987ರ ಸುಮಾರಿಗೆ ‘ಆ್ಯಸಿಡ್ ಹೌಸ್’ ಎಂದು ಹೆಸರಾದ ಶೈಲಿಯ ಧ್ವನಿ ಅದಕ್ಕೂ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಕೇಳಿಸಿತ್ತು! ಸಿಂಗರು 2015ರಲ್ಲಿ ತೀರಿಕೊಂಡರು; ಕೊನೆಗಾಲದಲ್ಲಾದರೂ ಮನ್ನಣೆ ಕಂಡರೆಂಬುದೇ ಸಮಾಧಾನ. ಮುಂಬಯಿಯಲ್ಲಿ, ಹೆಸರಾಂತ ಕಂಪೆನಿಯ ತಟ್ಟೆಗೇ ಈ ಗತಿಯಾದರೆ ಗಡಿನಾಡಿನ ಹುಡುಗನ ಹಾಡಿನ ಪಾಡೇನು?

ತುಂಬಿದ ಸಂತೆ, ಕಾಣದ ಸರಕು

ಈಗ ತಟ್ಟೆ ಮುದ್ರಿಸುವ ಖರ್ಚಿಲ್ಲ. ಆದರೆ ಸಂತೆ ತುಂಬಿ ತುಳುಕುತ್ತಿದೆ. ಸ್ಪಾಟಿಫೈ ಎಂಬ ಒಂದೇ ಸಂಸ್ಥೆಗೆ ದಿನಕ್ಕೆ 60,000ಕ್ಕೂ ಮಿಕ್ಕಿ ಹಾಡುಗಳು ಬಂದು ಸೇರುತ್ತಿವೆ ಎಂದು ಆ ಸಂಸ್ಥೆಯೇ 2021ರಲ್ಲಿ ಹೇಳಿತ್ತು. ಅಷ್ಟರಲ್ಲಿ ನಮ್ಮ ಮುಂದೆ ಯಾವುದನ್ನಿಡಬೇಕೆಂದು ಯಂತ್ರ ನಿರ್ಧರಿಸುತ್ತದೆ. ನಾವು ಹಿಂದೆ ಕೇಳಿದ್ದೇನು, ನಮ್ಮಂಥವರು ಕೇಳುವುದೇನು ಎಂಬುದು ಅದರ ಲೆಕ್ಕ. ಸುತ್ತಲಿನವರೆಲ್ಲ ತೆಲುಗು ಕೇಳಿದರೆ ಬೆಳುಗುಪ್ಪದ ಹುಡುಗನಿಗೆ ತೆಲುಗು. ಕಾಸರಗೋಡಿನ ಹುಡುಗನಿಗೆ ವೇಡನ್, ಡಾಬ್ಸಿಯವರ ಮಲಯಾಳ. ಆ ಹಾಡುಗಳನ್ನು ಕೇಳಬಾರದೆಂದಲ್ಲ, ನಾನೂ ಕೇಳುತ್ತೇನೆ. ಆದರೆ ಮನೆಮಾತಿನ ಹೊಸ ಹಾಡೇ ಕಾಣದಿದ್ದಾಗ, ಈ ಭಾಷೆ ಅಜ್ಜಿಯಂದಿರಿಗೆ ಮಾತ್ರ ಎಂದು ಮಗು ತೀರ್ಮಾನಿಸಿಬಿಡುತ್ತದೆ. ಅಪಾಯವಿರುವುದು ಅಲ್ಲಿ.

ಇನ್ನೊಂದು ನಿಯಮವೂ ಇದೆ. ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳದ ಹಾಡಿಗೆ ಸ್ಪಾಟಿಫೈ 2024ರಿಂದ ಸಂಭಾವನೆ ಲೆಕ್ಕ ಹಾಕುವುದಿಲ್ಲ. ಸಣ್ಣ ಊರಿನ, ಸಣ್ಣ ಗುಂಪಿನ ಹಾಡಿಗೆ ಸಾವಿರವೆಂಬುದು ದೊಡ್ಡ ಹೊಸ್ತಿಲು.

ಹಾಗೆಂದು ಕನ್ನಡದಲ್ಲಿ ಬರಗಾಲವೇನಿಲ್ಲ. ಚಂದನ್ ಶೆಟ್ಟಿ, ಆಲ್ ಓಕೆ ಇವರನ್ನು ಅನೇಕರು ಬಲ್ಲರು. ರಾಹುಲ್ ಡಿಟ್ಟೋ, ಎಂ.ಸಿ. ಬಿಜ್ಜು, ಮಹಿಳೆಯರಲ್ಲಿ ಸಿರಿ ಇವರ ಹೆಸರು ನಮ್ಮ ಕಡೆಯ ಎಷ್ಟು ಮನೆಗಳಿಗೆ ಗೊತ್ತು? ಬೆಂಗಳೂರಿನ ಪಾಷಾ ಭಾಯಿ ತನ್ನ ಮನೆಮಾತಾದ ದಖ್ಖನಿಯಲ್ಲೇ ರ‍್ಯಾಪ್ ಮಾಡುತ್ತಾರೆ. 2024ರಲ್ಲಿ ‘ಬಿಗ್ ಡಾಗ್ಸ್’ ಹಾಡಿನಿಂದ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೇರಿದ ಹನುಮಾನ್‌ಕೈಂಡ್ ಕೇರಳ ಮೂಲದವರಾದರೂ ಬೆಳೆದು ನಿಂತದ್ದು ಬೆಂಗಳೂರಿನ ವೇದಿಕೆಗಳಲ್ಲಿ.

ಹುಡುಕುವ ಬಗೆ

ಮನೆಯಲ್ಲಿ ಮಾಡಬಹುದಾದುದಿಷ್ಟು. ಜಿಯೋಸಾವನ್‌ನಂಥ ಆ್ಯಪುಗಳಲ್ಲಿ ಭಾಷೆ ಆರಿಸುವ ಅವಕಾಶವಿದೆ. ಮೊದಲು ಕನ್ನಡವನ್ನು ಆರಿಸಬೇಕು. 2015ರ ಜುಲೈಯಿಂದ ಕಂಪೆನಿಗಳು ಲೋಕದಾದ್ಯಂತ ಹೊಸ ಹಾಡು ಬಿಡುವುದು ಶುಕ್ರವಾರ. ವಾರಕ್ಕೊಮ್ಮೆ ಆ ದಿನ ಹತ್ತು ನಿಮಿಷ ಹುಡುಕಬಹುದು. ಒಂದು ಹಾಡು ಹಿಡಿಸಿದರೆ ಹಾಡಿದವರ ಹೆಸರಿಗೇ ನಿಲ್ಲದೆ ಬರೆದವರು, ಸಂಗೀತ ಕೂಡಿಸಿದವರು ಯಾರೆಂದು ನೋಡಿ, ಅವರು ಬೇರೆ ಯಾರೊಡನೆ ಕೆಲಸ ಮಾಡಿದ್ದಾರೆಂದು ಅರಸಬೇಕು. ಒಂದು ಬಳ್ಳಿ ಹಿಡಿದರೆ ಹತ್ತು ಕಾಯಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಕೇಳಿದ ಲೆಕ್ಕ. ಆದುದರಿಂದ ಹೊಸಬರ ಹಾಡನ್ನು ಅರ್ಧ ನಿಮಿಷವಾದರೂ ಕೇಳಿ ಅಭಿಪ್ರಾಯಕ್ಕೆ ಬರುವುದು ನ್ಯಾಯ. ಹಿಡಿಸಿದರೆ ಇನ್ನಿಬ್ಬರಿಗೆ ಕಳುಹಿಸಬೇಕು. ಮಾತಿನಲ್ಲಿ ಒರಟುತನ ಇರುವ ಹಾಡುಗಳೂ ಇವೆ. ಹಿರಿಯರು ಮೊದಲು ಕೇಳಿ ಆಯ್ದುಕೊಟ್ಟರೆ ತೊಂದರೆಯಿಲ್ಲ.

ಬೆಳುಗುಪ್ಪದಿಂದ ಹೊರಡುವ ಹಿಂದಿನ ರಾತ್ರಿ ಆ ಹುಡುಗ ತಾರಸಿಗೆ ಕರೆದು, ಫೋನಿನಲ್ಲೇ ಮುದ್ರಿಸಿ ಯೂಟ್ಯೂಬಿಗೆ ಹಾಕಿದ್ದ ತನ್ನದೊಂದು ಹಾಡು ಕೇಳಿಸಿದ. ಅಪ್ಪನಿಗೂ ಹೇಳಿರಲಿಲ್ಲವಂತೆ. ಮನೆಯಲ್ಲಿ ಅಜ್ಜಿ ಕರೆಯುವ ಹೆಸರು ಒಂದು, ಶಾಲೆಯ ಹಾಜರಿಯಲ್ಲಿ ಕೂಗುವ ರೀತಿ ಇನ್ನೊಂದು. ಎರಡಕ್ಕೂ ‘ಬಂದೆ’ ಎನ್ನುವ ಹುಡುಗನ ಹಾಡು. ಅಲ್ಲಲ್ಲಿ ತೆಲುಗು ಬೆರೆತ ಅವರ ಮನೆಯ ಕನ್ನಡ. ಹಿನ್ನೆಲೆಯಲ್ಲಿ ಎಲ್ಲೋ ನಾಯಿ ಬೊಗಳುವುದೂ ಕೇಳಿಸುತ್ತಿತ್ತು. ಅದುವರೆಗೆ ನೋಡಿದವರ ಸಂಖ್ಯೆ 41. ಕನ್ನಡದಲ್ಲಿ ರ‍್ಯಾಪ್ ಯಾಕಿಲ್ಲವೆಂದು ಕೇಳಿದವನೇ ಅದನ್ನು ಮಾಡಿ ಬಚ್ಚಿಟ್ಟುಕೊಂಡಿದ್ದ.

ಶಾಲೆ ಆರಂಭವಾದ ಮೇಲೆ ಒಂದು ದಿನ ಆ ಹಾಡನ್ನು ನನ್ನ ತರಗತಿಯಲ್ಲಿ ಕೇಳಿಸಿದೆ. “ಸರ್, ಇವನ ಕನ್ನಡ ಬೇರೆಯೇ ನಮೂನೆ ಉಂಟು” ಎಂದು ಮಕ್ಕಳು ನಕ್ಕರು. ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ: “ಸರ್, ಇನ್ನೊಮ್ಮೆ ಹಾಕಿ.”