ಎಂವಿಸಿ ಕೇಸಿಗೆ ಮಾತುಕತೆಯ ಮೇಜು

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ದೇವಸಮುದ್ರ ಹೋಬಳಿಯ ರಾಂಪುರವನ್ನು ಹಾದುಹೋಗುತ್ತದೆ. ಇಂಥ ರಸ್ತೆಯ ಮಗ್ಗುಲಿನ ಊರುಗಳಿಗೆ 'ಎಂವಿಸಿ ಕೇಸು' ಹೊಸ ಮಾತೇನಲ್ಲ. ಮೋಟಾರು ಅಪಘಾತ ಪರಿಹಾರದ ಅರ್ಜಿಗೆ ಜನ ಇಟ್ಟುಕೊಂಡ ಹೆಸರು ಅದು. ದುಡಿಯಲು ಬೆಂಗಳೂರಿಗೆ ಹೋದ ಮಗ ಅಲ್ಲೇ ಅಪಘಾತದಲ್ಲಿ ತೀರಿಕೊಂಡರೂ, ತಾವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಮನೆಯವರು ಅರ್ಜಿ ಹಾಕಬಹುದು. ಆದರೆ 2022ರ ಏಪ್ರಿಲ್‌ನಿಂದ ಅದಕ್ಕೆ ಆರು ತಿಂಗಳ ಗಡುವು.

ಅರ್ಜಿ ಹಾಕಿದ ಮೇಲೆ ತೀರ್ಪಿಗೇ ಕಾಯಬೇಕೆಂದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ 2002ರ ಜುಲೈ 1ರಂದು ಜಾರಿಗೆ ಬಂದಾಗಿನಿಂದ ಮೊಕದ್ದಮೆಯನ್ನು ಮಧ್ಯಸ್ಥಿಕೆಗೆ ಕಳುಹಿಸುವ ದಾರಿ ತೆರೆದಿದೆ. ಅಪಘಾತ ಪರಿಹಾರದ ಪ್ರಕರಣಗಳು ಇದಕ್ಕೆ ತಕ್ಕವೆಂದು ಸುಪ್ರೀಂ ಕೋರ್ಟ್ 2010ರ ಆಫ್ಕಾನ್ಸ್ ತೀರ್ಪಿನಲ್ಲಿ ಹೇಳಿತು. ಅಷ್ಟರಲ್ಲಿ, 2007ರಲ್ಲೇ, ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಗಿತ್ತು.

ಮಧ್ಯಸ್ಥಿಕೆಗಾರರು ಹೆಚ್ಚಾಗಿ ತರಬೇತಿ ಪಡೆದ ವಕೀಲರು. ಅವರು ತೀರ್ಪು ಕೊಡುವಂತಿಲ್ಲ. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿ ಕೇಳುತ್ತಾರೆ, ಬೇಕಾದರೆ ಬೇರೆಬೇರೆಯಾಗಿ ಕರೆದು ಮಾತಾಡುತ್ತಾರೆ. ರಾಜಿ ಮುರಿದರೆ ಕೇಸು ನ್ಯಾಯಾಧೀಶರ ಮುಂದೆ ಮರಳುತ್ತದೆ. ಒಳಗೆ ಆಡಿದ ಮಾತನ್ನು ಅಲ್ಲಿ ಸಾಕ್ಷ್ಯ ಮಾಡಿಕೊಳ್ಳುವಂತಿಲ್ಲ.

ಹಾಗೆಂದು ಇದು ಸಂತೆಯ ಚೌಕಾಸಿಯಲ್ಲ. ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳು ಲೆಕ್ಕವನ್ನು ಬಹುಪಾಲು ಕಟ್ಟಿಹಾಕಿವೆ. ತಿಂಗಳಿಗೆ 10,000 ರೂಪಾಯಿ ದುಡಿಯುತ್ತಿದ್ದ 32ರ ಕೂಲಿಯಾಳು ಸತ್ತರೆ, ಮುಂದಿನ ಗಳಿಕೆಗೆಂದು ಶೇ 40 ಸೇರಿ 14,000. ಹೆಂಡತಿ, ತಾಯಿ, ಇಬ್ಬರು ಮಕ್ಕಳು ಅವಲಂಬಿತರಾಗಿದ್ದರೆ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದು 10,500. ಅದನ್ನು ವರ್ಷಕ್ಕೆ ಹಿಗ್ಗಿಸಿ, ವಯಸ್ಸಿಗೆ ನಿಗದಿಯಾದ 16ರಿಂದ ಗುಣಿಸಿದರೆ 20,16,000 ರೂಪಾಯಿ. ಅಂತ್ಯಕ್ರಿಯೆಯಂಥ ಬಾಬ್ತುಗಳು ಇದರ ಮೇಲೆ.

ಜಗಳವೆಲ್ಲ ಆ ಮೊದಲ ಅಂಕಿಯದು. ಕೂಲಿಯವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅದಕ್ಕೇ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಅಪಘಾತದ ವರ್ಷಕ್ಕೆ ತಕ್ಕಂತೆ ಅಂದಾಜು ಆದಾಯದ ಪಟ್ಟಿಯೊಂದನ್ನು ಮಾಡಿದೆ. ಲೋಕ ಅದಾಲತ್‌ಗೆಂದು ಹುಟ್ಟಿದ ಈ ಪಟ್ಟಿಯನ್ನು ಹೈಕೋರ್ಟೂ ನೆಚ್ಚಿಕೊಂಡಿದೆ. ಪಟ್ಟಿ ತಿಳಿಯದೆ ಮಾತುಕತೆಗೆ ಕೂತ ಕುಟುಂಬ ವಿಮಾ ಕಂಪನಿಯ ಮೊದಲ ಮೊತ್ತಕ್ಕೇ ತಲೆಯಾಡಿಸುವ ಅಪಾಯವಿದೆ. ಸಹಿ ಬಿದ್ದ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ.

ಕಂಪನಿಯ ಕಡೆಯಿಂದ ಬರುವವರಿಗೆ ಸಹಿ ಹಾಕುವ ಅಧಿಕಾರವಿಲ್ಲದಿದ್ದರೆ ಇಡೀ ಕಲಾಪವೇ ದಂಡ. ಇನ್ನು ಕೆಲವು ಕೇಸುಗಳು ರಾಜಿಗೆ ಸುಲಭವಾಗಿ ಬಗ್ಗುವುದಿಲ್ಲ. ಸರಕು ವಾಹನದಲ್ಲಿ ಬಿಟ್ಟಿ ಪ್ರಯಾಣ ಮಾಡುವವರ ಹೊಣೆ ವಿಮಾ ಕಂಪನಿಯದಲ್ಲ ಎಂದು 2002ರ ಆಶಾ ರಾಣಿ ತೀರ್ಪು ಹೇಳಿದೆ. ಶೇಂಗಾ ಬಿಡಿಸಲು ಹೊರಟ ಕೂಲಿಗಳು ಗೂಡ್ಸ್ ಆಟೊ ಹತ್ತಿದ್ದರೆ ತಕರಾರು ಮೊತ್ತದ್ದಲ್ಲ, ಹೊಣೆಯದ್ದೇ.

ಅಪಘಾತದ ಕೇಸುಗಳಲ್ಲಿ ವಿಮಾ ಅಧಿಕಾರಿಯ ಮಟ್ಟದಲ್ಲಿ ರಾಜಿಯಾಗದಿದ್ದರೆ ಮಧ್ಯಸ್ಥಿಕೆಗೆ ಕಳುಹಿಸಬೇಕೆಂದು 2023ರ ಮಧ್ಯಸ್ಥಿಕೆ ಕಾಯ್ದೆ ಬರೆದಿಟ್ಟಿದೆ. ಆದರೆ ಅದರ ಸೆಕ್ಷನ್‌ಗಳನ್ನೆಲ್ಲ ಒಮ್ಮೆಗೇ ಜಾರಿಗೆ ತರಲಿಲ್ಲ. ಮಕ್ಕಳ ಪಾಲಿಗೆ ಮಾತ್ರ ಹಳೆಯ ಕಾವಲು ಹಾಗೇ ಇದೆ: ಅಪ್ರಾಪ್ತರ ಪರವಾಗಿ ದೊಡ್ಡವರು ಮಾಡಿಕೊಂಡ ರಾಜಿಗೆ ನ್ಯಾಯಾಲಯದ ಅನುಮತಿ ಬೇಕೇಬೇಕು.